ಪೆಟ್ಟಿಗೆಯ ಮೇಲಿನ ಹೆಸರು

ಅಮೆರಿಕದ ಒಹಾಯೊ ರಾಜ್ಯದ ಟೊಲೀಡೊ ನಗರದಲ್ಲಿ ನೆಲೆಸಿದ ಹಾಸನದ ಕಡೆಯ ಒಂದು ಕುಟುಂಬ. ಕೆಲವು ವರ್ಷಗಳ ಹಿಂದೆ ಬೇಸಿಗೆಯ ಒಂದು ಮಧ್ಯಾಹ್ನ ಅವರ ಬಾಗಿಲಿಗೆ ಅಂಚೆಯವನು ಉದ್ದನೆಯ ಪೆಟ್ಟಿಗೆಯೊಂದನ್ನು ತಂದ. ಯಜಮಾನರು ಸಹಿ ಹಾಕಿ ಒಳಗೆ ತೆಗೆದುಕೊಂಡರು. ಹದಿನಾಲ್ಕು ವರ್ಷದ ಮಗ ವಿಳಾಸ ಓದಿದ. ಅವನಿಗೆ ವಿಚಿತ್ರ ಎನಿಸಿತು. ಕಳಿಸಿದವರ ಹೆಸರೂ ಪಡೆಯಬೇಕಾದವರ ಹೆಸರೂ ಒಂದೇ! ಅದರ ಕೆಳಗೆ ‘ಕೇರಾಫ್’ ಎಂದು ಅಪ್ಪನ ಹೆಸರಿತ್ತು.

“ಅಪ್ಪಾ, ಡಲ್ಲಾಸ್ ಅಂಕಲ್ ತಮಗೆ ತಾವೇ ಪಾರ್ಸೆಲ್ ಕಳಿಸಿಕೊಂಡಿದ್ದಾರಲ್ಲ, ಏನಿದೆ ಇದರಲ್ಲಿ?”

“ಅವರ ರೈಫಲ್ ಕಣೋ. ಅವರು ಬರುವವರೆಗೆ ಯಾರೂ ತೆರೆಯುವ ಹಾಗಿಲ್ಲ. ನಾನೂ ಅಷ್ಟೇ.”

ಅಡುಗೆಮನೆಯಿಂದ ಬಂದ ತಾಯಿಗೆ ಮಾತ್ರ ಸಮಾಧಾನವಿರಲಿಲ್ಲ. “ರೀ, ಮಗ ಇರೋ ಮನೇಲಿ ಇದನ್ನೆಲ್ಲ ಯಾಕೆ ಒಪ್ಪಿಕೊಂಡಿರಿ?” ಎಂದರು. ನಾಲ್ಕು ದಿನದ ಮಾತಲ್ಲವೇ ಎಂದು ಯಜಮಾನರು ಪೆಟ್ಟಿಗೆಯನ್ನು ಮಲಗುವ ಕೋಣೆಯ ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಆ ‘ಡಲ್ಲಾಸ್ ಅಂಕಲ್’ ಮೂಲತಃ ಕೊಡಗಿನವರು. ಕೋವಿ ಅವರಿಗೆ ಹೊಸದಲ್ಲ. ಕೈಲ್ ಮುಹೂರ್ತದ ದಿನ ಕೋವಿಯ ನಳಿಕೆಗೆ ತೋಕ್‌ಪೂ ಸಿಕ್ಕಿಸಿ ಪೂಜಿಸುವ ಮನೆಯಲ್ಲಿ ಬೆಳೆದವರು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಬಂದೂಕಿಗೆ ಪರವಾನಗಿ ಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷ ಮುಂದುವರಿಸಿತು. ಡಲ್ಲಾಸ್‌ನಲ್ಲಿ ಎಂಜಿನಿಯರ್ ಆಗಿ ಅಮೆರಿಕದ ಪೌರತ್ವ ಪಡೆದ ಮೇಲೂ ಅವರಿಗೆ ಗುರಿ ಹೊಡೆಯುವ ಹವ್ಯಾಸ ಬಿಟ್ಟಿರಲಿಲ್ಲ. ಟೊಲೀಡೊದಿಂದ ಪೂರ್ವಕ್ಕೆ, ಈರಿ ಸರೋವರದ ದಡದಲ್ಲಿ ಕ್ಯಾಂಪ್ ಪೆರಿ ಎಂಬ ಸ್ಥಳವಿದೆ. ಅಲ್ಲಿ 1907ರಿಂದಲೂ ರಾಷ್ಟ್ರಮಟ್ಟದ ಗುರಿಸ್ಪರ್ಧೆಗಳು ನಡೆದಿವೆ. ಅಲ್ಲಿಗೇ ಅವರು ಹೊರಟಿದ್ದರು.

ರೈಫಲನ್ನು ಜೊತೆಯಲ್ಲೇ ಒಯ್ಯಬಹುದಿತ್ತು. ವಿಮಾನದಲ್ಲಾದರೆ ಗುಂಡು ತೆಗೆದು, ಗಟ್ಟಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಕೌಂಟರಿನಲ್ಲಿ ಹೇಳಿಯೇ ಸಾಮಾನಿನ ಜೊತೆ ಕೊಡಬೇಕು. ಆದರೆ ನಡುವೆ ಎರಡು ದಿನ ನ್ಯೂಯಾರ್ಕಿನಲ್ಲಿ ಕಚೇರಿಯ ಕೆಲಸವಿತ್ತು. ಟೆಕ್ಸಾಸಿನಲ್ಲಿ ರೈಫಲ್ ಇಟ್ಟುಕೊಳ್ಳಲು ಪರವಾನಗಿ ಬೇಡ. ನ್ಯೂಯಾರ್ಕ್ ನಗರದಲ್ಲಿ ಬೇಕು. ಒಂದೇ ದೇಶ, ಊರಿಗೊಂದು ಕಾನೂನು. ಹೀಗಾಗಿ ಅವರು ರೈಫಲನ್ನು ನೇರವಾಗಿ ಸ್ನೇಹಿತರ ಮನೆಗೆ, ಆದರೆ ತಮ್ಮದೇ ಹೆಸರಿಗೆ, ಅಂಚೆಯಲ್ಲಿ ಕಳಿಸಿಕೊಂಡರು.

ಅಮೆರಿಕದ ಕಾನೂನು ಇದಕ್ಕೆ ಅವಕಾಶ ಕೊಡುತ್ತದೆ. ಬೇರೆ ರಾಜ್ಯದ ಸಾಮಾನ್ಯ ಪ್ರಜೆಯೊಬ್ಬನಿಗೆ ಬಂದೂಕನ್ನು ಕೊಡುವುದು, ಮಾರುವುದು ಅಲ್ಲಿ ನಿಷಿದ್ಧ. ಆದರೆ ಸ್ಪರ್ಧೆಗೋ ಬೇರೆ ಯಾವುದಾದರೂ ನ್ಯಾಯವಾದ ಕೆಲಸಕ್ಕೋ ಹೋಗುವವನು ತನಗೆ ತಾನೇ ಕಳಿಸಿಕೊಳ್ಳಬಹುದು. ಮಾಲೀಕನ ಹೆಸರಿಗೇ ವಿಳಾಸವಿರಬೇಕು, ಇಟ್ಟುಕೊಳ್ಳುವವನ ಹೆಸರಿನ ಹಿಂದೆ ‘ಕೇರಾಫ್’ ಇರಬೇಕು, ಪಡೆಯುವಾಗ ಸಹಿ ಆಗಬೇಕು. ಮಾಲೀಕನೇ ಬಂದು ತೆರೆಯಬೇಕು. ಬೇರೆಯವರು ತೆರೆದು ಕೈಗೆ ತೆಗೆದುಕೊಂಡರೆ ಕೇರಾಫ್ ಹೋಗಿ ಹಸ್ತಾಂತರವಾಗುತ್ತದೆ. ಇದು ರೈಫಲ್ ಮತ್ತು ಶಾಟ್‌ಗನ್‌ಗಳ ಮಾತು. ಪಿಸ್ತೂಲುಗಳನ್ನು ಜನಸಾಮಾನ್ಯರು ಅಂಚೆಯಲ್ಲಿ ಕಳಿಸದಂತೆ 1927ರಲ್ಲೇ ಅಲ್ಲಿ ಕಾನೂನು ಬಂದಿತ್ತು.

ಇಷ್ಟು ಕಟ್ಟುಪಾಡು ಏಕೆ ಎಂಬುದಕ್ಕೆ ಉತ್ತರ ಆ ಎಂಜಿನಿಯರ್ ವಾಸವಿರುವ ಡಲ್ಲಾಸ್‌ನಲ್ಲೇ ಇದೆ. 1963ರ ಮಾರ್ಚ್‌ನಲ್ಲಿ ಆ ಊರಿನ ಅಂಚೆ ಪೆಟ್ಟಿಗೆಯೊಂದರ ವಿಳಾಸಕ್ಕೆ ಶಿಕಾಗೋದ ಅಂಗಡಿಯಿಂದ ಒಂದು ಇಟಾಲಿಯನ್ ರೈಫಲ್ ಬಂತು. ದೂರದರ್ಶಕ ಸಹಿತ ಅದರ ಬೆಲೆ, ಅಂಚೆ ಖರ್ಚೂ ಸೇರಿ, 21 ಡಾಲರ್ 45 ಸೆಂಟ್. ತರಿಸಿದವನ ಹೆಸರು ಎ. ಹೈಡೆಲ್ ಎಂದಿತ್ತು. ಅದು ಸುಳ್ಳು ಹೆಸರು. ತರಿಸಿದವನು ಲೀ ಹಾರ್ವೆ ಆಸ್ವಾಲ್ಡ್. ಅದೇ ವರ್ಷ ನವೆಂಬರ್ 22ರಂದು ಅಧ್ಯಕ್ಷ ಕೆನಡಿ ಅದೇ ರೈಫಲಿನ ಗುಂಡಿಗೆ ಬಲಿಯಾದರು ಎಂದು ತನಿಖೆ ಹೇಳಿತು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿ ಇಬ್ಬರ ಹತ್ಯೆಯೂ ಆದ ಮೇಲೆ, ಅಕ್ಟೋಬರ್ 22ರಂದು ಅಧ್ಯಕ್ಷ ಜಾನ್ಸನ್ ಹೊಸ ಬಂದೂಕು ಕಾಯ್ದೆಗೆ ಸಹಿ ಹಾಕಿದರು. ಅಂಚೆಯಲ್ಲಿ ಯಾರು ಬೇಕಾದರೂ ಬಂದೂಕು ತರಿಸಿಕೊಳ್ಳುವ ಕಾಲ ಅಲ್ಲಿಗೆ ಮುಗಿಯಿತು. ಪೆಟ್ಟಿಗೆಯ ಮೇಲೆ ನಿಜವಾದ ಹೆಸರಿರಬೇಕು, ಆ ಹೆಸರಿನವನೇ ಅದನ್ನು ತೆರೆಯಬೇಕು ಎಂಬ ಮಾತಿನ ಹಿಂದೆ ಈ ಕಥೆಯೆಲ್ಲ ಇದೆ.

ಐದನೆಯ ದಿನ ಸಂಜೆ ಅತಿಥಿ ಬಂದರು. ಪೆಟ್ಟಿಗೆಯನ್ನು ತಿರುಗಿಸಿ ಅಂಟುಪಟ್ಟಿ ನೋಡಿದರು. ಎಲ್ಲ ಸರಿಯಾಗಿತ್ತು. “ತುಂಬ ಉಪಕಾರವಾಯಿತು” ಎಂದು ಕೈಮುಗಿದರು. ಆಗ ಹುಡುಗ ತಲೆ ತಗ್ಗಿಸಿ ನಿಂತ.

“ಅಂಕಲ್, ಮೊನ್ನೆ ರಾತ್ರಿ ನಾನು ಬೀರು ತೆಗೆದಿದ್ದೆ. ಬ್ಲೇಡೂ ತಂದಿದ್ದೆ. ನಿಮ್ಮ ಹೆಸರು ಓದಿ ಮತ್ತೆ ಒಳಗಿಟ್ಟೆ.”

ಮನೆಯೆಲ್ಲ ಸ್ತಬ್ಧವಾಯಿತು. ತಾಯಿ ಕುರ್ಚಿ ಹಿಡಿದುಕೊಂಡರು. ಅತಿಥಿ ಮಾತ್ರ ಗದರಲಿಲ್ಲ. ಪೆಟ್ಟಿಗೆಯನ್ನು ತಾವೇ ತೆರೆದು ಹುಡುಗನನ್ನು ಹತ್ತಿರ ಕರೆದರು. ರೈಫಲಿನಿಂದ ಬೋಲ್ಟನ್ನು ಕಳಚಿ ಬೇರೆ ಸುತ್ತಿದ್ದರು. ಗುಂಡುಗಳು ಇರಲೇ ಇಲ್ಲ; ಅಂಚೆಯಲ್ಲಿ ಗುಂಡು ಕಳಿಸುವಂತಿಲ್ಲ. ಬೋಲ್ಟಿನೊಳಗಿನ ಸಣ್ಣ ಮೊಳೆ ತೋಟೆಯ ಹಿಂಬದಿಗೆ ಬಡಿದಾಗ ಕಿಡಿ, ಆ ಕಿಡಿಯಿಂದ ಮದ್ದು ಉರಿದು ಅನಿಲ, ಆ ಅನಿಲದ ಒತ್ತಡದಿಂದ ಗುಂಡಿಗೆ ವೇಗ. ಉರುವಲು, ಆಮ್ಲಜನಕ, ಶಾಖ ಮೂರೂ ಕೂಡದೆ ಬೆಂಕಿ ಹೊತ್ತದು ಎಂದು ಶಾಲೆಯಲ್ಲಿ ಕಲಿಯುತ್ತಾರಲ್ಲ, ಹಾಗೆಯೇ ಇದು. ಒಂದೊಂದನ್ನು ಒಂದೊಂದು ಕಡೆ ಇಟ್ಟರೆ ಅಪಾಯ ಬಹಳ ಕಡಿಮೆ.

“ಹಾಗಾದರೆ ನಾನು ತೆಗೆದಿದ್ದರೂ ಏನೂ ಆಗುತ್ತಿರಲಿಲ್ಲವಾ?” ಎಂದ ಹುಡುಗ.

“ಈ ಸಲ ಆಗುತ್ತಿರಲಿಲ್ಲ ಮಗು. ಆದರೆ ಒಳಗೆ ಏನಿದೆ, ಏನಿಲ್ಲ ಅಂತ ನಿನಗೆ ಗೊತ್ತಿರಲಿಲ್ಲವಲ್ಲ? ನೀನು ಹೇಳಿದ್ದು ಒಳ್ಳೆಯದಾಯಿತು. ತಪ್ಪು ನಮ್ಮದು. ಬೀಗದ ಕೈ ಎಲ್ಲಿದೆ ಅಂತ ನಿನಗೆ ಗೊತ್ತಿತ್ತು.”

ಯಜಮಾನರು ಏನೂ ಹೇಳಲಿಲ್ಲ. ಬೀಗದ ಕೈ ದೇವರ ಪಟದ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು. ಆ ಮನೆಯಲ್ಲಿ ಎಲ್ಲ ಬೀಗದ ಕೈಗಳೂ ಅಲ್ಲೇ ಇರುವುದು. ಕಾನೂನಿನ ಪ್ರಕಾರ ಎಲ್ಲವೂ ಸರಿಯಾಗಿಯೇ ನಡೆದಿತ್ತು. ಹೆಸರು ಸರಿ, ಸಹಿ ಸರಿ, ಅಂಟುಪಟ್ಟಿಯೂ ಸರಿ. ಆದರೆ ಅಂಟುಪಟ್ಟಿಯನ್ನು ಉಳಿಸಿದ್ದು ಕಾನೂನೂ ಅಲ್ಲ, ಬೀಗವೂ ಅಲ್ಲ, ಆ ರಾತ್ರಿ ಹುಡುಗನಿಗೆ ಬಂದ ವಿವೇಕ. ಮಕ್ಕಳ ವಿವೇಕ ದೊಡ್ಡದೇ. ಆದರೆ ಅದನ್ನೇ ನಂಬಿ ದೊಡ್ಡವರು ಕೂರುವಂತಿಲ್ಲ.

ಮರುವರ್ಷವೂ ಅವರು ಸ್ಪರ್ಧೆಗೆ ಬಂದರು. ಪಾರ್ಸೆಲ್ ಬರುವ ಮೊದಲೇ ಟೊಲೀಡೊದ ಮನೆಗೆ ಅಂಕಿಬೀಗದ ಕಬ್ಬಿಣದ ಪೆಟ್ಟಿಗೆಯೊಂದು ಬಂದಿತ್ತು. ಅದು ತಾಯಿಯ ಷರತ್ತು. ಅಂಕಿಗಳು ಯಜಮಾನರಿಗೆ ಮಾತ್ರ ಗೊತ್ತಿದ್ದವು. ಅಂಚೆಯವನು ಬಂದಾಗ ಹುಡುಗ ಪೆಟ್ಟಿಗೆಯ ಮೇಲಿನ ಹೆಸರನ್ನು ಗಟ್ಟಿಯಾಗಿ ಓದಿ, ಅಪ್ಪನಿಗೆ ಸಹಿ ಹಾಕಲು ಪೆನ್ನು ತಂದುಕೊಟ್ಟ.