ಹೃದಯದ ಕಾವಲು

ದುರ್ಗದ ಏಳು ಸುತ್ತಿನ ಕೋಟೆಯನ್ನು ಕಣ್ಣಾರೆ ನೋಡದ ವಿದ್ಯಾರ್ಥಿನಿಯು ನಮ್ಮ ಶಾಲೆಯಲ್ಲಿ ಇರಲಾರಳು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ಬಂದು ಕಲಿತುಹೋದ ಸಹೋದರಿಯರಿಗೂ ಆ ಬಂಡೆಗಳ ನೆನಪು ಅಳಿದಿರಲಾರದು. ಅಷ್ಟು ಗೋಡೆ, ಅಷ್ಟು ಬಾಗಿಲು, ಅಷ್ಟು ಬತೇರಿಗಳಿದ್ದರೂ ಹೈದರಾಲಿಯ ಸೈನಿಕರು ನುಸುಳಲೆತ್ನಿಸಿದ್ದು ಒಬ್ಬರೇ ತೂರಬಹುದಾದಂತಹ ಒಂದು ಕಿಂಡಿಯಿಂದ ಎಂದು ನಮ್ಮ ಜನರು ಹೇಳುತ್ತ ಬಂದಿದ್ದಾರೆ. ಕಾವಲುಗಾರನು ಊಟಕ್ಕೆ ಕುಳಿತಿದ್ದನು. ನೀರಿಗೆಂದು ಹೋದ ಅವನ ಹೆಂಡತಿ ಓಬವ್ವಳು ಅಪಾಯವನ್ನು ಕಂಡು ಒನಕೆಯನ್ನೇ ಆಯುಧವಾಗಿ ಹಿಡಿದು ನಿಂತಳು. ಅವಳನ್ನು ಅಲ್ಲಿ ಯಾರೂ ಕಾವಲಿಗೆ ನೇಮಿಸಿರಲಿಲ್ಲ.

ಹೃದಯದ ಸಂಗತಿಯೂ ಹೀಗೆಯೇ. ಜೀವನವೆಲ್ಲವೂ ಅಲ್ಲಿಂದಲೇ ಹೊರಡುವುದರಿಂದ ಮಿಕ್ಕೆಲ್ಲಕ್ಕಿಂತ ಹೆಚ್ಚು ಜಾಗರೂಕತೆಯಿಂದ ಅದನ್ನು ಕಾಯಬೇಕೆಂಬುದು ಜ್ಞಾನೋಕ್ತಿಗಳ ಗ್ರಂಥದ ಬುದ್ಧಿವಾದ. ಮಹಾಪಾಪಗಳು ಬರುವ ಹೆಬ್ಬಾಗಿಲನ್ನು ನಾವೆಲ್ಲರೂ ಭದ್ರಪಡಿಸುತ್ತೇವೆ. ಆದರೆ ಗೆಳತಿಯ ಅಂಕಗಳನ್ನು ಕಂಡು ಹುಟ್ಟುವ ಅಸೂಯೆ, ತಾಯಿಯಿಂದ ಮರೆಮಾಡಿದ ಒಂದು ಸಣ್ಣ ಸುಳ್ಳು, ನಡುರಾತ್ರಿಯಲ್ಲಿ ಮೊಬೈಲಿಗೆ ಬರುವ ಅಪರಿಚಿತನ ಹೊಗಳಿಕೆ, ಇವು ಕಿಂಡಿಯಿಂದ ಬರತಕ್ಕವು.

ಹೆತ್ತವರಲ್ಲಿ ಇಲ್ಲೊಂದು ವಿಜ್ಞಾಪನೆ. ಮಗಳನ್ನು ಕಾಯುವುದೆಂದರೆ ಅವಳನ್ನು ಕೂಡಿಹಾಕುವುದಲ್ಲ. ಸಂಶಯವೆಂಬ ಗೋಡೆಯನ್ನು ಎಷ್ಟೇ ಎತ್ತರ ಕಟ್ಟಿದರೂ ಕಿಂಡಿಯು ಒಳಗಿನವರಿಗೇ ಕಾಣತಕ್ಕದ್ದು. ಆದಕಾರಣ ಅವಳೇ ತನ್ನ ಹೃದಯಕ್ಕೆ ಕಾವಲುಗಾರ್ತಿಯಾಗುವಂತೆ ಬೆಳೆಸಿರಿ. ತಪ್ಪಿದ ದಿನ ಭಯವಿಲ್ಲದೆ ನಿಮ್ಮ ಬಳಿಗೆ ಬಂದು ಹೇಳಿಕೊಳ್ಳುವಷ್ಟು ಸಲಿಗೆಯನ್ನೂ ಕೊಡಿರಿ.

ಆದರೆ ಕಾವಲೊಂದೇ ಸಾಲದು. ಅಂತಹ ಕೋಟೆಯೂ 1779ರಲ್ಲಿ ಹೈದರನ ವಶವಾಯಿತು. ನಮ್ಮ ಎಚ್ಚರಿಕೆಯಲ್ಲಿಯೇ ಭರವಸೆಯಿಡುವವರಿಗೆ ನಿದ್ರೆಯೂ ಇಲ್ಲ, ನೆಮ್ಮದಿಯೂ ಇಲ್ಲ. ಯೆರೂಸಲೇಮಿನ ಗೋಡೆಯನ್ನು ಕಟ್ಟಿಸಿದ ನೆಹೆಮೀಯನು ದೇವರಿಗೆ ಪ್ರಾರ್ಥನೆಯನ್ನೂ ಮಾಡಿದನು, ಹಗಲಿರುಳು ಕಾವಲನ್ನೂ ಇಟ್ಟನು. ಇವೆರಡರಲ್ಲಿ ಒಂದನ್ನು ಮಾಡಿ ಮತ್ತೊಂದನ್ನು ಬಿಡಲಿಲ್ಲ.

ಇದನ್ನು ನಾವು ಗ್ರಂಥದಲ್ಲಿ ಓದುವುದಕ್ಕೆ ಮುಂಚೆ ನಮ್ಮ ತಾಯಿಯವರ ನಡತೆಯಲ್ಲಿ ಕಂಡೆವು. ನಾವು ಉಪಾಧ್ಯಾಯಿನಿಯ ತರಬೇತಿಯಲ್ಲಿದ್ದಾಗ ತಂದೆಯವರು ಕರ್ತನಲ್ಲಿ ನಿದ್ರೆಹೋದರು. ಜಮೀನಿನ ಪಾಲಿನಲ್ಲಿ ಬಂಧುವೊಬ್ಬರು ನಮಗೆ ಅನ್ಯಾಯ ಮಾಡಿದರು. ತಾಯಿಯವರು ಸುಮ್ಮನೆ ಕೂಡಲಿಲ್ಲ. ಕಾಗದಪತ್ರಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ತಾಲ್ಲೂಕು ಕಚೇರಿಗೆ ಹತ್ತಾರು ಸಲ ಅಲೆದರು. ಆದರೆ ಆ ಬಂಧುವಿನ ಹೆಸರನ್ನು ಹಿಡಿದು ಮನೆಯಲ್ಲಿ ಒಂದು ಶಾಪದ ಮಾತನ್ನೂ ಆಡಗೊಡಲಿಲ್ಲ. “ಹೊಲ ಹೋದರೆ ಹೊಲ ಮಾತ್ರ ಹೋದೀತು ಮಗಳೇ, ಮನಸ್ಸನ್ನೂ ಅವರಿಗೆ ಕೊಟ್ಟುಬಿಡಬೇಡ” ಎಂದರು. ಹೊಲವು ಪೂರ್ತಿಯಾಗಿ ನಮಗೆ ಮರಳಲಿಲ್ಲ. ಆದರೂ ಆ ಬಂಧುವು ಕಾಯಿಲೆ ಬಿದ್ದಾಗ ಮೊದಲು ಗಂಜಿ ಒಯ್ದವರು ನಮ್ಮ ತಾಯಿಯವರೇ.

ಭರವಸೆಯ ಫಲವು ಬೇಗನೆ ಕಾಣದಿರಬಹುದು. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರದ ಕೆಲಸವು 1907ರಲ್ಲಿ ಮುಗಿಯಿತು. 1933ರಲ್ಲಿ ತುಂಬಿದ ಆ ಜಲಾಶಯವು ಮತ್ತೆ ತುಂಬಿ ಕೋಡಿ ಹರಿದದ್ದು 2022ರಲ್ಲಿ, 89 ವರ್ಷಗಳ ತರುವಾಯ. ನಡುವಿನ ಬರಗಾಲಗಳಲ್ಲಿ ನಮ್ಮ ಸೀಮೆಯ ಎಷ್ಟೋ ತೆಂಗಿನ ತೋಟಗಳು ಒಣಗಿದವು. ಅಷ್ಟು ಕಾಲವೂ ಕಟ್ಟೆಯನ್ನು ಕೈಬಿಡದೆ ನೋಡಿಕೊಂಡವರಿದ್ದರು. ಭದ್ರೆಯ ನೀರನ್ನು ಇತ್ತ ತರಬೇಕೆಂದು ದುಡಿದವರೂ ಇದ್ದರು. ಅವರು ಕಟ್ಟೆಯನ್ನು ಬಿರುಕು ಬಿಡಲು ಬಿಟ್ಟಿದ್ದರೆ, ಮಳೆ ಬಂದ ವರ್ಷ ನೀರು ನಿಲ್ಲುವುದೆಲ್ಲಿ? ದೇವರ ಕೃಪೆಯನ್ನು ಕಾಯುವವರ ಕೆಲಸವೂ ಇದೇ. ಮಳೆಯು ನಮ್ಮ ಕೈಯಲ್ಲಿಲ್ಲ. ಕಟ್ಟೆಯು ನಮ್ಮ ವಶಕ್ಕೆ ಒಪ್ಪಿಸಲ್ಪಟ್ಟಿದೆ.

ಪ್ರಿಯ ಸಹೋದರಿಯರೇ, ನಿಮ್ಮಲ್ಲಿ ಕೆಲವರು ದೂರದ ಆಸ್ಪತ್ರೆಗಳಲ್ಲಿ ದಾದಿಯರಾಗಿದ್ದೀರಿ, ಕೆಲವರು ಹಳ್ಳಿಯ ಶಾಲೆಗಳಲ್ಲಿ ಕಲಿಸುತ್ತಿದ್ದೀರಿ, ಕೆಲವರು ಒಬ್ಬಂಟಿಗರಾಗಿ ಸಂಸಾರದ ಭಾರವನ್ನು ಹೊತ್ತಿದ್ದೀರಿ. ಪ್ರತಿ ರಾತ್ರಿ ದೀಪವಾರಿಸುವ ಮುನ್ನ ಈ ದಿನ ಯಾವ ಕಿಂಡಿಯು ತೆರೆದಿತ್ತೆಂದು ಒಂದು ಗಳಿಗೆ ನೋಡಿಕೊಳ್ಳಿರಿ. ಕಂಡದ್ದನ್ನು ಮುಚ್ಚಿ, ಕಾಣದ್ದನ್ನು ತೂಕಡಿಸದ ಕರ್ತನಿಗೆ ಒಪ್ಪಿಸಿ ಮಲಗಿರಿ. ಆತನ ಸಮಾಧಾನವು ನಿಮ್ಮೆಲ್ಲರ ಮನೆಗಳಲ್ಲಿ ನೆಲೆಸಲಿ.