ಹೊಸ ಗಿಯರ್ ಬೇಡ, ಸ್ವಲ್ಪ ತಡೆಯಿರಿ



ನಿಮ್ಮ ಕಾಗದ ಕೈಸೇರಿತು. ತಾತನ ಕಾಲದ ಎಚ್‌ಎಂವಿ ಪೋರ್ಟಬಲ್ ಗ್ರಾಮಾಫೋನನ್ನು ಅಟ್ಟದಿಂದ ಇಳಿಸಿದ್ದೀರಿ. ಕೀಲಿ ಕೊಟ್ಟರೆ ತಿರುಗುತ್ತದೆ, ಆದರೆ ಹಾಡಿಗಿಂತ ಒಳಗಿನ ಗುರುಗುರು ಸದ್ದೇ ಜೋರು ಎಂದು ಬರೆದಿದ್ದೀರಿ. "ನೀವು ಪೀಣ್ಯದಲ್ಲೇ ಇದ್ದೀರಲ್ಲ, ಯಾರಿಗಾದರೂ ಹೇಳಿ ಹೊಸ ಗಿಯರ್ ಮಾಡಿಸಿಕೊಡಿ" ಅಂತಲೂ ಕೇಳಿದ್ದೀರಿ. ಮಾಡಿಸಬಹುದು. ಸದ್ಯಕ್ಕೆ ಬೇಡ ಎಂದು ಹೇಳುವುದಕ್ಕೇ ಈ ಉತ್ತರ.

ಬೆಂಗಳೂರಿನ ಪೀಣ್ಯ ಎರಡನೇ ಹಂತದ ಅಡ್ಡರಸ್ತೆಗಳಲ್ಲಿ ಸುತ್ತಿದರೆ ಗಿಯರ್ ಹಾಬಿಂಗ್ ಶೆಡ್ಡುಗಳಿಗೆ ಬರವಿಲ್ಲ. ಸಣ್ಣ ಗಿಯರೊಂದನ್ನು ಮೇಜಿನ ಮೇಲಿಟ್ಟರೆ ಕೈಯ ಎಣ್ಣೆಯನ್ನು ಕಾಟನ್ ವೇಸ್ಟಿಗೆ ಒರೆಸಿಕೊಳ್ಳುತ್ತಾ ಮೂರು ಪ್ರಶ್ನೆ ಕೇಳುತ್ತಾರೆ: ಎಷ್ಟು ಮಾಡ್ಯೂಲು, ಎಷ್ಟು ಹಲ್ಲು, ಎಷ್ಟು ಪೀಸು? ಕೊನೆಯದಕ್ಕೆ "ಒಂದೇ" ಎಂದರೆ ಟೀ ಕುಡಿಸಿ ಕಳಿಸುತ್ತಾರೆ. ಹಲ್ಲನ್ನು ಎಣಿಸಿ ಹೇಳಬಹುದು. ತೊಡಕಿರುವುದು ಮಾಡ್ಯೂಲಿನಲ್ಲಿ, ಅಂದರೆ ಹಲ್ಲಿನ ಗಾತ್ರದ ಅಳತೆಯಲ್ಲಿ. ಹಲ್ಲು ಕಡೆಯುವ ಇಲ್ಲಿನ ಹಾಬ್‌ಗಳು ಹೆಚ್ಚಾಗಿ ಮಿಲಿಮೀಟರ್ ಲೆಕ್ಕದವು. ಇಂಗ್ಲೆಂಡಿನ ಹಳೆಯ ಗಿಯರುಗಳದು ಇಂಚಿನ ಲೆಕ್ಕ, ಅಂದರೆ ಡಯಾಮೆಟ್ರಲ್ ಪಿಚ್ಚು (ಡಿಪಿ). ಉದಾಹರಣೆಗೆ 48 ಡಿಪಿಯನ್ನು ಮಾಡ್ಯೂಲಿಗೆ ತಿರುಗಿಸಿದರೆ 0.529 ಬರುತ್ತದೆ. ಶೆಡ್ಡಿನಲ್ಲಿರುವುದು 0.5. "ಹತ್ತಿರತ್ತಿರ ಕೂರುತ್ತೆ ಸಾರ್" ಅನ್ನುತ್ತಾರೆ. ಕೂರಲೂಬಹುದು, ತಿರುಗಲೂಬಹುದು, ಆದರೆ ಮೊದಲಿಗಿಂತ ಜೋರಾಗಿ ಕಿರುಚುತ್ತದೆ. ಪಿಚ್ಚು ಸರಿಯಾಗಿ ಸಿಕ್ಕರೂ ಇನ್ನೊಂದು ಕಷ್ಟವಿದೆ. ಎಪ್ಪತ್ತು ಎಂಬತ್ತು ವರ್ಷ ಒಂದಕ್ಕೊಂದು ಸವೆದು ಹೊಂದಿಕೊಂಡ ಜೋಡಿ ಅದು. ಒಂದನ್ನು ಮಾತ್ರ ಹೊಸದು ಮಾಡಿದರೆ ಹಳೆಯದು ಒಪ್ಪುವುದಿಲ್ಲ.

ಆದ್ದರಿಂದ ಮೊದಲು ಸದ್ದು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ. ಒಳಗಿರುವುದು ಇಷ್ಟೇ: ಸ್ಪ್ರಿಂಗ್ ಸುತ್ತಿಟ್ಟ ಡ್ರಮ್ಮು, ಅದರ ಹಲ್ಲಿಗೆ ಕಚ್ಚಿಕೊಂಡ ನಡುವಿನ ಶಾಫ್ಟು, ಆಮೇಲೆ ತಟ್ಟೆ ಹೊತ್ತ ಸ್ಪಿಂಡಲ್ಲು, ಅದರ ಚಕ್ರಕ್ಕೆ ಅಡ್ಡವಾಗಿ ವರ್ಮ್ (ತಿರುಪಿನಂಥ ಹಲ್ಲು) ಕೊರೆದ ಸಪೂರ ಶಾಫ್ಟಿನ ಮೇಲೆ ವೇಗವನ್ನು ಹಿಡಿದಿಡುವ ಗವರ್ನರ್. ಡ್ರಮ್ಮು ತೀರಾ ನಿಧಾನ. ಗವರ್ನರ್ ಎಲ್ಲಕ್ಕಿಂತ ವೇಗ. ಹಾಗಾಗಿ ಆಗೊಮ್ಮೆ ಈಗೊಮ್ಮೆ "ಧಡ್" ಎಂದರೆ ಅದು ಗಿಯರ್ ಅಲ್ಲವೇ ಅಲ್ಲ, ಒಣಗಿದ ಗ್ರೀಸಿಗೆ ಅಂಟಿಕೊಂಡ ಸ್ಪ್ರಿಂಗಿನ ಸುರುಳಿ ಬಿಡಿಸಿಕೊಳ್ಳುವ ಸದ್ದು. ಡ್ರಮ್ಮನ್ನು ಬಿಚ್ಚಿ ತೊಳೆದು ಗ್ರಾಫೈಟ್ ಗ್ರೀಸ್ ತುಂಬಬೇಕು. ಆ ಕೆಲಸವನ್ನು ಮಾತ್ರ ನೀವು ಮಾಡಬೇಡಿ. ಒಳಗೆ ಮುದುರಿಕೊಂಡಿರುವ ಉಕ್ಕಿನ ಪಟ್ಟಿ ಚಿಮ್ಮಿದರೆ ಬೆರಳು ಉಳಿಯುವುದಿಲ್ಲ. ಎಡೆಬಿಡದೆ ಸಣ್ಣಗೆ ಕೊರೆಯುವ ಸದ್ದಾದರೆ ಗವರ್ನರ್ ಕಡೆಯದು. ಲೇತಿನವರು ಬೇರಿಂಗ್ ಪರೀಕ್ಷಿಸುವ ಹಾಗೆ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಫ್ರೇಮಿಗೆ ತಾಗಿಸಿ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಳ್ಳಿ. ಒಂದೊಂದೇ ಬೇರಿಂಗಿನ ಹತ್ತಿರ ಇಟ್ಟು ಕೇಳಿದರೆ ಕಳ್ಳ ಸಿಕ್ಕಿಬೀಳುತ್ತಾನೆ.

ನಿಮ್ಮ ವರ್ಣನೆ ಓದಿದರೆ ನನಗೆ ಗವರ್ನರ್ ಮೇಲೇ ಅನುಮಾನ. ಬಹುಪಾಲು ಮೋಟಾರುಗಳಲ್ಲಿ ಈ ಶಾಫ್ಟಿನ ಎರಡು ತುದಿಗೂ ಪುಟ್ಟ ಬುಷ್ ಇರುತ್ತದೆ. ಅದರ ತೂತು ಸರಿಯಾಗಿ ನಡುವಿನಲ್ಲಿರುವುದಿಲ್ಲ, ಬೇಕೆಂದೇ ಒಂದು ಪಕ್ಕಕ್ಕೆ ಕೊರೆದಿರುತ್ತಾರೆ. ಹಿಡಿದಿರುವ ಸ್ಕ್ರೂ ಸಡಿಲಿಸಿ ಬುಷ್ಷನ್ನು ಕೂದಲೆಳೆಯಷ್ಟು ತಿರುಗಿಸಿದರೆ ವರ್ಮ್ ಚಕ್ರದ ಹತ್ತಿರಕ್ಕೋ ದೂರಕ್ಕೋ ಸರಿಯುತ್ತದೆ. ಸ್ಪಿಂಡಲನ್ನು ಒಂದು ಕೈಯಲ್ಲಿ ಹಿಡಿದು ಗವರ್ನರನ್ನು ಮೆಲ್ಲಗೆ ಅಲ್ಲಾಡಿಸಿ. ಬೆರಳಿಗೆ ತಿಳಿದೂ ತಿಳಿಯದಷ್ಟು ಆಟ ಇರಬೇಕು. ಬಿಗಿಯಾದರೆ ಕೊರೆಯುತ್ತದೆ, ಸಡಿಲಾದರೆ ಕಟಕಟಿಸುತ್ತದೆ. ಎರಡೂ ಬುಷ್ಷನ್ನು ಒಂದೇ ಅಳತೆಗೆ ತಿರುಗಿಸಿ, ಇಲ್ಲವಾದರೆ ಶಾಫ್ಟು ಓರೆಯಾಗಿ ಹಲ್ಲಿನ ಅಂಚಷ್ಟೇ ಕಚ್ಚುತ್ತದೆ. ಓರೆಯಾಗಿದೆಯೇ ಎಂದು ತಿಳಿಯಲು ಪೀಣ್ಯದಲ್ಲಿ "ಬ್ಲೂ ಹಚ್ಚಿ ನೋಡು" ಅನ್ನುತ್ತಾರೆ: ವರ್ಮಿಗೆ ಪ್ರಷಿಯನ್ ಬ್ಲೂ ತೆಳ್ಳಗೆ ಸವರಿ ಕೈಯಲ್ಲಿ ತಿರುಗಿಸಿದರೆ ಎಲ್ಲಿ ತಾಗುತ್ತಿದೆ ಎಂದು ಚಕ್ರದ ಹಲ್ಲಿನ ಮೇಲೆ ನೀಲಿಯಲ್ಲೇ ಕಾಣುತ್ತದೆ. ನನ್ನ ಮಟ್ಟಿಗೆ ಮುಕ್ಕಾಲು ಪಾಲು ರೋಗ ಇಲ್ಲೇ ವಾಸಿ.

ಹಾಗೇ ಗವರ್ನರಿನ ಮೂರು ಗುಂಡುಗಳನ್ನೂ ಅವುಗಳ ಪಟ್ಟಿ ಸ್ಪ್ರಿಂಗುಗಳನ್ನೂ ನೋಡಿ. ಯಾರೋ ಪುಣ್ಯಾತ್ಮರು ಮುರಿದದ್ದಕ್ಕೆ ಬೇರೆ ದಪ್ಪದ ಪಟ್ಟಿ ಹಾಕಿದ್ದರೆ ತೂಕ ತಪ್ಪಿ ಇಡೀ ಪೆಟ್ಟಿಗೆ ನಡುಗುತ್ತದೆ. ಬ್ರೇಕಿನ ಚರ್ಮ ಅಥವಾ ಫೆಲ್ಟು ಒಣಗಿದ್ದರೆ ಒಂದು ತೊಟ್ಟು ಎಣ್ಣೆ ಸಾಕು. ಎಣ್ಣೆ ವಿಷಯದಲ್ಲಿ ಕೈ ಬಿಗಿ ಇರಲಿ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಎಚ್‌ಎಂಟಿಯವರು ಜಾಲಹಳ್ಳಿಯಲ್ಲಿ ವಾಚ್ ಕಾರ್ಖಾನೆ ಶುರುಮಾಡಿದರಲ್ಲ, ಅಲ್ಲಿ ದುಡಿದ ಹಿರಿಯರೊಬ್ಬರು ನಮ್ಮ ಬೀದಿಯಲ್ಲಿದ್ದಾರೆ. ಡಬ್ಬಿಯಿಂದ ನೇರ ಎಣ್ಣೆ ಸುರಿಯುವವರನ್ನು ಕಂಡರೆ ಅವರಿಗೆ ಈಗಲೂ ಸಿಟ್ಟು ಬರುತ್ತದೆ. ಹಳೆಯ ಜಿಡ್ಡನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬೇರಿಂಗಿಗೆ ಹೊಲಿಗೆ ಯಂತ್ರದ ಎಣ್ಣೆ, ಹಲ್ಲಿಗೆ ತೆಳ್ಳಗೆ ಗ್ರೀಸ್, ಅಷ್ಟೇ.

ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಓಡಿಸಿದರೆ ಹಲ್ಲು ನುಣುಪಾಗುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಆ ಪುಡಿ ಮೆದುವಾದ ಹಿತ್ತಾಳೆಯೊಳಗೆ ಹೂತು ಕೂರುತ್ತದೆ, ತೊಳೆದರೂ ಹೋಗದು. ಆಮೇಲೆ ಚಕ್ರವೇ ಅರದ ಹಾಗೆ ಉಕ್ಕಿನ ವರ್ಮನ್ನು ತಿನ್ನುತ್ತಾ ಹೋಗುತ್ತದೆ. ಕೆಲವು ಮೋಟಾರುಗಳಲ್ಲಿ ಸದ್ದಾಗಬಾರದೆಂದೇ ಆ ಚಕ್ರವನ್ನು ಫೈಬರಿನಲ್ಲಿ ಮಾಡಿರುತ್ತಾರೆ, ನಮ್ಮ ಶೆಡ್ಡುಗಳಲ್ಲಿ ಹೈಲಮ್ ಅನ್ನುತ್ತೇವಲ್ಲ, ಆ ಜಾತಿ. ಅದಕ್ಕಂತೂ ಪೇಸ್ಟು ವಿಷ.

ಮೋಟಾರು ಹಲಗೆಗೆ ಕೂರುವ ಕಡೆ ರಬ್ಬರು ಇದ್ದರೆ ಇಷ್ಟು ಹೊತ್ತಿಗೆ ಕಲ್ಲಾಗಿರುತ್ತದೆ. ಆಗ ಮರದ ಪೆಟ್ಟಿಗೆಯೇ ಸದ್ದನ್ನು ದೊಡ್ಡದು ಮಾಡುತ್ತದೆ. ಎಸ್.ಪಿ. ರಸ್ತೆಯಲ್ಲಿ ಹೊಸ ಗ್ರಾಮೆಟ್ ಸಿಗುತ್ತದೆ, ಕೆಲವೇ ರೂಪಾಯಿ.

ಎಲ್ಲ ಆದ ಮೇಲೆ ಪರೀಕ್ಷೆಗೆ ನಾಟಕದ ಹಾಡು ಹಾಕಬೇಡಿ. ಹಾರ್ಮೋನಿಯಂ ತಬಲದ ಗದ್ದಲದಲ್ಲಿ ಎಲ್ಲ ಮುಚ್ಚಿಹೋಗುತ್ತದೆ. ನಿಮ್ಮ ಕಟ್ಟಿನಲ್ಲಿ ಗಂಗೂಬಾಯಿ ಹಾನಗಲ್ಲರ ತಟ್ಟೆಯಿದೆ ಎಂದಿರಿ, ಅದನ್ನು ಹಾಕಿ. (1930ರ ದಶಕದ ಅವರ ಮೊದಮೊದಲ ತಟ್ಟೆಗಳು ಗಾಂಧಾರಿ ಎಂಬ ಹೆಸರಿನಲ್ಲಿ ಬಂದವು. ಲೇಬಲ್ ನೋಡಿ ತಿಳಿಸಿ, ನನಗೆ ಆಸೆ.) ನಿಂತ ಸ್ವರ ಒಂಚೂರು ನಡುಗಿದರೂ ಗವರ್ನರ್ ಇನ್ನೂ ಸರಿಹೋಗಿಲ್ಲ ಎಂದರ್ಥ. ತಟ್ಟೆಯ ಕೆಳಗೆ ಅಂಚಿಗೆ ಕಾಗದದ ಚೂರು ಸಿಕ್ಕಿಸಿ, ಮುಳ್ಳು ಇಟ್ಟೇ ನಿಮಿಷಕ್ಕೆ 78 ಸುತ್ತು ಬರುತ್ತಿದೆಯೇ ಎಣಿಸಿ.

ಹಲ್ಲೇ ಮುರಿದಿದ್ದರೆ ಮಾತ್ರ ಬೇರೆ ದಾರಿಯಿಲ್ಲ. ಆಗಲೂ ಕಡೆಸುವ ಬದಲು ಗುಜರಿ ಮೋಟಾರಿನಿಂದ ವರ್ಮು ಚಕ್ರ ಎರಡನ್ನೂ ಜೋಡಿಯಾಗಿ ತೆಗೆಯೋಣ. ಚಿಕ್ಕಪೇಟೆಯ ಸಂಡೇ ಬಜಾರಿನಲ್ಲಿ ಹಿತ್ತಾಳೆ ಕಹಳೆಯ ಥಳಥಳ ನಕಲಿ ಗ್ರಾಮಾಫೋನುಗಳು ಕಂಡರೆ ಮೂಗು ಮುರಿಯಬೇಡಿ. ಅಂಥವುಗಳ ಹೊಟ್ಟೆಯಲ್ಲಿ ಎಷ್ಟೋ ಸಲ ಹಳೆಯ ಪೋರ್ಟಬಲ್ಲಿನ ಅಸಲಿ ಮೋಟಾರು ಇರುತ್ತದೆ.

ಧೈರ್ಯ ಸಾಲದಿದ್ದರೆ ಮೋಟಾರನ್ನಷ್ಟೇ ಬಿಚ್ಚಿ ತನ್ನಿ. ಪೀಣ್ಯ ಇಂಡಸ್ಟ್ರಿ ಮೆಟ್ರೋ ಸ್ಟೇಷನ್ನಿನಲ್ಲಿ ಇಳಿದು ಫೋನ್ ಮಾಡಿ, ಬರುತ್ತೇನೆ. ಬಿಚ್ಚುವ ಮುಂಚೆ ತಟ್ಟೆ ತಾನಾಗಿ ನಿಲ್ಲುವವರೆಗೆ ಬಿಟ್ಟು ಸ್ಪ್ರಿಂಗ್ ಪೂರ್ತಿ ಇಳಿಸಿರಬೇಕು. ಕೀಲಿ ಇರುವಾಗ ಗವರ್ನರ್ ಬಿಚ್ಚಿದರೆ ತಡೆಯುವವರಿಲ್ಲದೆ ಎಲ್ಲ ಹಲ್ಲೂ ಒಂದೇ ಏಟಿಗೆ ಉದುರಬಹುದು. ಪೆಟ್ಟಿಗೆಯ ಒಂದು ಫೋಟೋ ಕೂಡ ಇಟ್ಟುಕೊಂಡಿರಿ. ಮೆಟ್ರೋ ಸ್ಕ್ಯಾನರಿನವರು ಬ್ಯಾಗು ನೋಡಿ ಇದೇನು ಸಾರ್ ಎಂದು ಕೇಳಿಯೇ ಕೇಳುತ್ತಾರೆ.

ಇಂತಿ ನಿಮ್ಮ
ಪೀಣ್ಯದ ಗೆಳೆಯ