ತೋಟದ ಪ್ರಬಂಧವನ್ನು ಓದಿಸುವ ಬಗೆ

ಇಂಗ್ಲಿಷ್ ಕಲಿಯುವ ಮಕ್ಕಳಿಗೆ ಕಥೆಯನ್ನು ಓದಿಸುವುದು ಸುಲಭ. ಪ್ರಬಂಧವನ್ನು ಓದಿಸುವುದು ಕಷ್ಟ. ಕಥೆಯಲ್ಲಿ ಹತ್ತು ಮಾತು ತಿಳಿಯದಿದ್ದರೂ ‘ಮುಂದೇನಾಯಿತು?’ ಎಂಬ ಕುತೂಹಲವು ಓದುಗನನ್ನು ಕೈಹಿಡಿದು ನಡೆಸುತ್ತದೆ. ಪ್ರಬಂಧದಲ್ಲಿ ಹಾಗೆ ಏನೂ ಆಗುವುದಿಲ್ಲ. ಒಬ್ಬ ಮನುಷ್ಯನು ಕುಳಿತು ತನ್ನ ಮನಸ್ಸಿಗೆ ತೋರಿದುದನ್ನು ಹೇಳುತ್ತಾನೆ. ಹೇಳುತ್ತ ನಗುತ್ತಾನೆ, ಗೊಣಗುತ್ತಾನೆ, ದಾರಿ ಬಿಟ್ಟು ಅಲೆದು ಮತ್ತೆ ದಾರಿಗೆ ಬರುತ್ತಾನೆ. ಆ ಮನುಷ್ಯನ ಪರಿಚಯವಾದರೆ ಪ್ರಬಂಧವು ತಿಳಿದಂತೆ. ಆಗದಿದ್ದರೆ ಶಬ್ದ ಶಬ್ದಕ್ಕೂ ಅರ್ಥ ಬರೆದುಕೊಂಡರೂ ತಿಳಿಯದಂತೆಯೇ. ಫ್ರೆಂಚರ ಮೊಂತೇನನು 1580ರಲ್ಲಿ ತನ್ನ ಬರೆಹಗಳಿಗೆ ‘ಪ್ರಯತ್ನಗಳು’ ಎಂಬರ್ಥದ ಹೆಸರನ್ನಿಟ್ಟನು. ಆ ಹೆಸರಿನಿಂದಲೇ ಇಂಗ್ಲಿಷರು ಈ ಜಾತಿಯ ಬರೆಹವನ್ನು ಕರೆಯುತ್ತ ಬಂದಿದ್ದಾರೆ. ಎ. ಎನ್. ಮೂರ್ತಿರಾಯರ ‘ಹಗಲುಗನಸುಗಳು’ 1937ರಲ್ಲಿ ಬಂದಮೇಲೆ ಕನ್ನಡದ ಮನೆಗಳಿಗೂ ಇದರ ರುಚಿ ಹತ್ತಿದೆ.

ಅಥಣಿಯ ಸೀಮೆಯಲ್ಲಿ ಈ ಕಷ್ಟವು ಇಮ್ಮಡಿಯಾಗುತ್ತದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಅರ್ಧ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. 1956ರವರೆಗೆ ಈ ಸೀಮೆಯು ಮುಂಬಯಿ ರಾಜ್ಯಕ್ಕೆ ಸೇರಿತ್ತು. ಸ್ವಾತಂತ್ರ್ಯದ ಹೊಸದರಲ್ಲಿ ಆ ರಾಜ್ಯವು ಇಂಗ್ಲಿಷನ್ನು ಎಂಟನೆಯ ಇಯತ್ತೆಯಿಂದ ಆರಂಭಿಸುತ್ತಿತ್ತು. 2007ರಿಂದ ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಅದು ಒಂದನೆಯ ಇಯತ್ತೆಗೇ ಬಂದಿದೆ. ಅಕ್ಷರಗಳು ಬೇಗ ಬಂದವು, ನಿಜ. ಆದರೆ ಓದು ಬಂದಿತೆ? ಒಂದು ಪ್ರೌಢಶಾಲೆಯ ಇಂಗ್ಲಿಷ್ ಮಾಸ್ತರರು ತಮ್ಮ ಹತ್ತನೆಯ ತರಗತಿಗೆ ತೋಟದ ಮೇಲಿನ ಪ್ರಬಂಧಗಳನ್ನು ಓದಿಸಹೊರಟಾಗ ಈ ಪ್ರಶ್ನೆಯೇ ಅವರೆದುರಿಗೆ ನಿಂತಿತು.

ಮೊದಲನೆಯ ತೊಡಕು ಹೆಸರಿನಲ್ಲೇ ಇತ್ತು. ಶಬ್ದಕೋಶವು ಇಂಗ್ಲಿಷ್ ಮಾತಿಗೆ ‘ತೋಟ’ವೆಂದು ಅರ್ಥ ಹೇಳುತ್ತದೆ. ಆದರೆ ಅಥಣಿ, ರಾಯಬಾಗಗಳ ಮಕ್ಕಳಿಗೆ ‘ತ್ವಾಟ’ವೆಂದರೆ ನೀರಾವರಿಯ ಹೊಲ; ಕಬ್ಬು, ಗೋವಿನಜೋಳ, ಅರಿಷಿಣ; ಅದರ ನಡುವೆ ಮನೆ, ದನ, ಬಾವಿ. ಹಳೆಯ ಮುಂಬಯಿ ಕಂದಾಯದ ಕಾಗದಗಳು ಜಿರಾಯತ, ಬಾಗಾಯತ ಎಂದು ವಿಂಗಡಿಸಿದ್ದವು. ಬಾಗಾಯತವೆಂಬ ಮಾತಿನೊಳಗೂ ಉದ್ಯಾನವೆಂಬರ್ಥದ ‘ಬಾಗ್’ ಅಡಗಿದೆಯಾದರೂ ಅಲ್ಲಿ ಬೆಳೆಯುವುದು ಸಂಸಾರದ ಅನ್ನ. ಸಂತೋಷಕ್ಕಾಗಿ ಮಣ್ಣಗೆಯುವವನು ಈ ಮಕ್ಕಳಿಗೆ ಅಪರಿಚಿತನು. ಮಾಸ್ತರರು ಈ ವ್ಯತ್ಯಾಸವನ್ನು ಮುಚ್ಚಿಡದೆ ಮೊದಲೇ ಬಿಚ್ಚಿಟ್ಟರು.

ಅವರು ಎತ್ತಿಕೊಂಡ ಮೊದಲನೆಯ ಪ್ರಬಂಧವು ಬೇಕನ್ನನು 1625ರಲ್ಲಿ ಪ್ರಕಟಿಸಿದ ಉದ್ಯಾನಗಳ ಪ್ರಬಂಧ. ರಾಜಯೋಗ್ಯವಾದ ಉದ್ಯಾನಕ್ಕೆ ಅವನು ಮೂವತ್ತು ಎಕರೆ ಕೇಳುತ್ತಾನೆ: ಹಸಿರು ಹುಲ್ಲಿಗೆ 4, ಕಾಡಿನಂತೆ ಬಿಟ್ಟ ನೆಲಕ್ಕೆ 6, ಎರಡು ಪಕ್ಕಗಳಿಗೆ ನಾಲ್ಕು ನಾಲ್ಕು, ನಡುವಣ ಮುಖ್ಯ ಉದ್ಯಾನಕ್ಕೆ 12. ಹುಡುಗರು ಕೂಡಿಸಿ ನೋಡಿ ಲೆಕ್ಕ ಸರಿಯೆಂದರು, ಬಳಿಕ ಹಿಂದಿನ ಸಾಲಿನಿಂದ ಒಬ್ಬನು, “ಮೂವತ್ತು ಎಕ್ರೇದಾಗ ಒಂದು ತೆನಿ ಜ್ವಾಳಾನೂ ಇಲ್ಲೇನ್ರಿ ಸರ್?” ಎಂದನು. ತರಗತಿಯು ನಕ್ಕಿತು. ಮಾಸ್ತರರೂ ನಕ್ಕರು, ಆದರೆ ಅಲ್ಲಿಗೇ ಬಿಡಲಿಲ್ಲ. ತುಳಿದಾಗ ಪರಿಮಳ ಬಿಡುವ ಗಿಡಗಳನ್ನು ನಡೆದಾಡುವ ಹಾದಿಯಲ್ಲಿಯೇ ನೆಡಬೇಕೆಂದು ಬೇಕನ್ನನು ಹೇಳುವ ಭಾಗವನ್ನು ಓದಿದರು. ಮರುಗ, ದವನಗಳನ್ನು ಅಂಗೈಯಲ್ಲಿ ತಿಕ್ಕಿ ಮೂಸಿದ ಮಕ್ಕಳಿಗೆ ಆ ಮಾತು ಒಡನೆಯೇ ಹಿಡಿಸಿತು. ಅರಸರಿಗಾಗಿ ಬರೆದವನಿಗೂ ಮೂಗು ಎಲ್ಲರಂತೆಯೇ ಇದ್ದಿತೆಂಬುದು ತಿಳಿಯಿತು. ಆದರೂ ಬೇಕನ್ನನ ಕೈಗೆ ಮಣ್ಣು ಹತ್ತಿರಲಿಲ್ಲ. ಅವನು ಅಪ್ಪಣೆ ಕೊಡುತ್ತಾನೆ. ತನ್ನನ್ನು ತೋರಿಸಿಕೊಳ್ಳುವುದು ಕಡಿಮೆ.

ಆದಕಾರಣ ಎರಡನೆಯದಾಗಿ ಅಮೆರಿಕದ ಚಾರ್ಲ್ಸ್ ಡಡ್ಲಿ ವಾರ್ನರನನ್ನು ತಂದರು. ಹಾರ್ಟ್‌ಫರ್ಡ್ ಪಟ್ಟಣದ ಈ ಪತ್ರಿಕಾಕರ್ತನು ಮಾರ್ಕ್ ಟ್ವೇನನ ಗೆಳೆಯನು. 1873ರಲ್ಲಿ ಇಬ್ಬರೂ ಕೂಡಿ ಒಂದು ಕಾದಂಬರಿಯನ್ನೂ ಬರೆದರು. 1870ರಲ್ಲಿ ತನ್ನ ಹಿತ್ತಲ ಕಾಯಿಪಲ್ಲೆಯ ಕಥೆಯನ್ನು ಅವನು ವಾರವಾರಕ್ಕೂ ಬರೆದನು. ಅದು ಮುಂದೆ ಪುಸ್ತಕವಾಯಿತು. ಅವನು ಸೊಂಟ ನೋಯುತ್ತದೆಂದು ಗೋಳಾಡುತ್ತಾನೆ. ಕಾಯಿಪಲ್ಲೆಗಳಲ್ಲಿ ಉತ್ತಮ ಕುಲ, ಹೀನ ಕುಲಗಳನ್ನೆಣಿಸುತ್ತಾನೆ. ಹಸಿಯಾಗಿ ತಿನ್ನುವ ಒಂದು ಸೊಪ್ಪನ್ನು ಒಳ್ಳೆಯ ಸಂಭಾಷಣೆಗೆ ಹೋಲಿಸುತ್ತಾನೆ. ಎಲ್ಲಕ್ಕಿಂತ ಮಿಗಿಲಾಗಿ ‘ಪಸ್ಲಿ’ ಎಂಬ ಒಂದು ಕಳೆಯ ಮೇಲೆ ಯುದ್ಧವನ್ನೇ ಸಾರುತ್ತಾನೆ.

ಇವನನ್ನು ಓದಿಸುವಾಗ ಮಾಸ್ತರರು ನಮ್ಮ ಹಳೆಯ ವ್ಯಾಖ್ಯಾನಕ್ರಮವನ್ನೇ ತುಸು ಹಿಂದುಮುಂದು ಮಾಡಿಕೊಂಡರು. ಪದಚ್ಛೇದ, ಪದಾರ್ಥ, ವಿಗ್ರಹ, ವಾಕ್ಯಯೋಜನೆ, ಆಕ್ಷೇಪ-ಸಮಾಧಾನ ಎಂದು ಶಾಸ್ತ್ರಕಾರರು ಐದು ಮೆಟ್ಟಿಲುಗಳನ್ನು ಹೇಳಿದ್ದಾರೆ. ಮಕ್ಕಳು ಎರಡನೆಯ ಮೆಟ್ಟಿಲಿನಲ್ಲಿಯೇ ಕುಳಿತುಬಿಡುತ್ತಾರೆ. ಅದಕ್ಕಾಗಿ ಮೊದಲು ಶಬ್ದಕೋಶವನ್ನು ಮುಚ್ಚಿಸಿ ಒಂದು ಭಾಗವನ್ನು ಆದ್ಯಂತ ಗಟ್ಟಿಯಾಗಿ ಓದಿದರು. ಬಳಿಕ, ಬರೆದವನು ಎಲ್ಲಿ ಕೆಲಸ ಮಾಡುತ್ತಾನೆ, ಎಲ್ಲಿ ಕೆಲಸ ಬಿಟ್ಟು ಯೋಚಿಸುತ್ತಾನೆ ಎಂದು ಅಂಚಿನಲ್ಲಿ ಗುರುತು ಮಾಡಿಸಿದರು. ಮೂರನೆಯ ಸಲ, ಒಬ್ಬೊಬ್ಬರೂ ಐದೇ ಶಬ್ದಗಳನ್ನು ಕೇಳಬೇಕೆಂದು ಕಟ್ಟು ಮಾಡಿದರು. ಯಾವುದನ್ನು ತಿಳಿಯದೆ ಬಿಟ್ಟರೂ ನಡೆದೀತು ಎಂಬ ವಿವೇಕವು ಓದಿನ ಅರ್ಧ ಬಲ. ಅದು ಹೀಗೆಯೇ ಬರತಕ್ಕದ್ದು.

ನಗೆಯ ಮಾತು ಇನ್ನೂ ಕಷ್ಟವಾಯಿತು. ಕಳೆಯ ಬಲವನ್ನು ವಾರ್ನರನು ಕೊಂಡಾಡಿದರೆ ಕೆಲವರು ಅದು ಹೊಗಳಿಕೆಯೆಂದೇ ಬರೆದುಕೊಂಡರು. ಆಗ ಮಾಸ್ತರರು ವ್ಯಾಜಸ್ತುತಿಯನ್ನು ನೆನಪಿಸಿದರು: ಹೊಗಳಿಕೆಯ ವೇಷದಲ್ಲಿ ನಿಂದೆ, ನಿಂದೆಯ ವೇಷದಲ್ಲಿ ಹೊಗಳಿಕೆ. ಹಬ್ಬಕ್ಕೆ ಬಾರದ ಮಗಳಿಗೆ ಅಜ್ಜಿಯು “ಭಾಳ ದೊಡ್ಡಾಕಿ ಆದಿ ಬಿಡವಾ” ಎಂದರೆ ಅದು ಯಾವ ಹೊಗಳಿಕೆ? ಈ ಒಂದು ಪ್ರಶ್ನೆಯಿಂದ ವ್ಯಂಜನಾವೃತ್ತಿಯು ಎಲ್ಲರಿಗೂ ಅರ್ಥವಾಯಿತು. ತಾಯಿನುಡಿಯಲ್ಲಿ ಕಿವಿಗೆ ಬಂದ ಸೂಕ್ಷ್ಮವನ್ನು ಪರಭಾಷೆಗೆ ಒಯ್ಯುವುದೇ ಮಾಸ್ತರರ ಕೆಲಸ; ಇಲ್ಲದ ಕಿವಿಯನ್ನು ಹೊಸದಾಗಿ ಮಾಡುವುದಲ್ಲ.

ಇನ್ನು ಆ ಪಸ್ಲಿ. ಪುಸ್ತಕದ ಟಿಪ್ಪಣಿಯು ಅದನ್ನು ಒಂದು ಬಗೆಯ ಕಳೆಯೆಂದು ಹೇಳಿ ಕೈತೊಳೆದುಕೊಂಡಿತ್ತು. ಮಾಸ್ತರರು ಲಕ್ಷಣ ಹೇಳಿದರು: ನೆಲಕ್ಕಂಟಿ ಹಬ್ಬುವ ಕೆಂಪು ದಂಟು, ನೀರು ತುಂಬಿದ ದಪ್ಪ ಎಲೆ, ಪುಟ್ಟ ಹಳದಿ ಹೂ, ಕಿತ್ತೆಸೆದರೂ ಬಾಡದೆ ಮತ್ತೆ ಬೇರೂರುವ ಹಟ. ಆ ವರ್ಷವೆಲ್ಲ ತಾನಾಗಿ ಬಾಯಿ ತೆರೆಯದಿದ್ದ ಒಬ್ಬ ಹುಡುಗಿಯು ಎದ್ದು, “ಸರ್, ಅದು ಗೋಳಿ ಪಲ್ಲೇರಿ! ನಮ್ಮವ್ವ ಬ್ಯಾಳಿ ಹಾಕಿ ಮಾಡತಾಳ್ರಿ. ಅದನ್ಯಾಕ ಬೈತಾನ್ರಿ ಅಂವಾ?” ಎಂದಳು. ನಿಜವೇ, ಮರಾಠಿಗರ ಘೋಳ, ಸಂಸ್ಕೃತದ ಲೋಣಿಕಾ, ಮೈಸೂರಿನ ಕಡೆಯ ಗೋಣಿಸೊಪ್ಪು ಎಲ್ಲವೂ ಅದೇ. ಹಾರ್ಟ್‌ಫರ್ಡಿನ ಶತ್ರುವು ಅಥಣಿಯಲ್ಲಿ ರೊಟ್ಟಿಯ ಜೊತೆಗಾರನು. ಐದನೆಯ ಮೆಟ್ಟಿಲಾದ ಆಕ್ಷೇಪವು ಹೀಗೆ ತಾನಾಗಿ ಬಂದಿತು. ಪುಸ್ತಕವು ಬೇರೆಯವರೊಡನೆ ಮಾತಾಡುತ್ತಿದೆಯೆಂದು ಕುಳಿತಿದ್ದವಳು ಪುಸ್ತಕದೊಡನೆಯೇ ವಾದಕ್ಕಿಳಿದಳು. ಇದಕ್ಕಿಂತ ಹೆಚ್ಚಿನ ಓದು ಯಾವುದು?

ಆದರೆ ಆಕೆಯ ತಂದೆಯು ಶಾಲೆಗೆ ಬಂದಾಗ ಬೇರೆಯ ಮಾತನ್ನಾಡಿದರು. “ಅರ್ಜಿ ಬರಿಯೂದು ಕಲಸ್ರಿ ಮಾಸ್ತರ. ಆ ಸಾಹೇಬನ ಹಿತ್ತಲ ತಗೊಂಡು ನಮಗೇನಾಗಬೇಕ್ರಿ? ಹಿಂಗಾದರ ಹುಡುಗೀನ ಮನ್ಯಾಗ ಇಟಗೊಂಡರೂ ಅಷ್ಟ ಅಲ್ಲೇನ್ರಿ?” ಈ ಪ್ರಶ್ನೆಯು ಹಗುರಾದುದಲ್ಲ. ಪರೀಕ್ಷೆಯ ಗೈಡು ಸಾರಾಂಶವನ್ನು ಕೊಡುತ್ತದೆ. ಬಾಯಿಪಾಠವು ಗುಣಗಳನ್ನೂ ಕೊಡುತ್ತದೆ. ಮಾಸ್ತರರು ಮೆಲ್ಲಗೆ ಹೇಳಿದರು: “ಅರ್ಜಿ ಬರಿಯೂದೂ ಕಲಸತೀನ್ರಿ ಯಜಮಾನ್ರ. ಆದರ ಅರ್ಜಿ ಬರದಾಕಿ ಕೇಳಾಕಷ್ಟ ಕಲತಾಳ. ಬೀಜದ ಕಂಪನಿಯವರ ಹೊಗಳಿಕಿ, ಸಾಲದ ಕರಾರು ಇಂಗ್ಲಿಷಿನ್ಯಾಗ ಬಂದಾಗ, ಇವರು ಖರೇ ಹೇಳತಾರೋ ಆಟ ಆಡತಾರೋ ಅಂತ ತೂಗಿ ನೋಡೂದು ಈ ಹಿತ್ತಲದಾಗ ಕಲೀಬೇಕ್ರಿ.” ತಂದೆಗೆ ಇದು ಪೂರ್ತಿ ಒಪ್ಪಿಗೆಯಾಯಿತೆಂದು ಹೇಳಲಾಗದು. ಆದರೆ ಶಾಲೆ ಬಿಡಿಸುವ ಮಾತನ್ನು ಆ ವರ್ಷ ಅವರು ಮತ್ತೆ ಎತ್ತಲಿಲ್ಲ.

ಪರಭಾಷೆಯ ಪ್ರಬಂಧವನ್ನು ಓದಿಸುವವರು ಎರಡು ಅತಿಗಳಿಂದ ಪಾರಾಗಬೇಕು. ಅಲ್ಲಿಯದೆಲ್ಲ ನಮ್ಮದೇ ಎಂದರೆ ಸುಳ್ಳು. ಅಲ್ಲಿಯದೊಂದೂ ನಮ್ಮದಲ್ಲವೆಂದರೆ ಸೋಮಾರಿತನ. ಹೂವಿನ ಹೆಸರುಗಳು ಅರ್ಧಕ್ಕರ್ಧ ತಿಳಿಯದೆ ಹೋಗಲಿ. ಬಗ್ಗಿದ ಸೊಂಟದ ನೋವು, ಮಳೆಯ ಬಯಕೆ, ಕೈಯಾರೆ ಬೆಳೆದುದನ್ನು ಉಣ್ಣುವ ಹಮ್ಮು ತಿಳಿಯದಿರಲಾರವು. ಮಳೆ ಕಡಿಮೆಯಾದ ಮಡ್ಡಿಯ ಮಕ್ಕಳಿಗೆ ಅವುಗಳನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ತಮಗೆ ಗೊತ್ತಿದ್ದುದನ್ನೇ ಪುಸ್ತಕವೂ ಹೇಳುತ್ತಿದೆಯೆಂದು ಅವರಿಗೆ ಒಮ್ಮೆ ಕಾಣಿಸಿದರೆ ಸಾಕು. ಗೊತ್ತಿಲ್ಲದುದನ್ನು ಅವರೇ ಕೇಳಿಕೊಂಡು ಬರುತ್ತಾರೆ.